ಉದ್ರಿ ಪುಸ್ತಕದ ಹಿಂಬದಿ

ಮತದಾನದ ಹಿಂದಿನ ರಾತ್ರಿ ವಾಗಾಮಳದಲ್ಲಿ
ಇನಾಸ್ ಬರೆಟ್ಟೊನ ಫೆನ್ನಿ ಅಂಗಡಿಗೆ ಸರಕಾರಿ ಅರಗು.
ನೀರು ಕೇಳಲು ಹೋದೆ.
ಮಡಗಾಂವದ ಕನ್ನಡ ಶಾಲೆಯ ಟೀಚರು ನಾನು,
ನಾಳೆ ಬೆರಳಿಗೆ ಶಾಯಿ ಹಚ್ಚುವವಳು.
ಕೂತ್ಕೋ ಬಾಯಿ, ಎಂದ.
ಕೊಟ್ಟದ್ದು ನೀರು, ಬಿಚ್ಚಿದ್ದು ಪುಸ್ತಕ.

ಮುಂದಿನಿಂದ ತೆರೆದರೆ ಉದ್ರಿ:
ಶಾಣು ವೇಳಿಪ, ಎರಡು ಬಾಟ್ಲಿ.
ಬೊಂಬಿ, ಗಂಡನ ತಿಥಿಗೆ ಒಂದು.
ಪಾದ್ರಿಗಳ ಹೆಸರಿಲ್ಲ, ಬರೀ ಶಿಲುಬೆ.
ತಿರುವಿ ಹಿಂದಿನಿಂದ ತೆರೆದರೆ ಊರಿನ ವೋಟು,
ಅರವತ್ಮೂರರಿಂದ.
ಅಪ್ಪ ಶುರುಮಾಡಿದ್ದಂತೆ, ಮಗ ಬಿಡಲಿಲ್ಲ.

ಅದಕ್ಕೂ ಹಿಂದೆ ಒಂದು ಖಾಲಿ ಪುಟ.
ಪೋರ್ತುಗೀಸರ ಕಾಲ. ಯಾರು ಕೇಳ್ತಿದ್ರು ನಮ್ಮನ್ನ?
ಅಂದು ಆ ಪುಟವನ್ನೂ ಒರೆಸಿದ, ಧೂಳಿಲ್ಲದಿದ್ದರೂ.

ಅರವತ್ತೇಳು: ಹೂವಿಗೆ ನಲವತ್ತೊಂದು,
ಎರಡೆಲೆಗೆ ನಲವತ್ತೊಂದು.
ಗೋವೆ ಗೋವೆಯಾಗಿಯೇ ಉಳಿಯಿತು;
ವಾಗಾಮಳ ಇನ್ನೂ ತೀರ್ಮಾನಿಸಿಲ್ಲ.
ಎಪ್ಪತ್ತೇಳರ ಮೇಲೆ ಫೆನ್ನಿ ಚೆಲ್ಲಿ
ಅಂಕಿಗಳಿಗೆಲ್ಲ ಕಾಲು ಮೂಡಿವೆ.
ಮನೆಗೊಂದು ಟಿಪ್ಪರು ಬಂದ ವರ್ಷ
ಊರಿಗೆ ಊರೇ ಒಂದು ಕಡೆ ವಾಲಿತ್ತು.
ಗಣಿ ನಿಂತಿತು, ಟಿಪ್ಪರಿನ ಕೆಳಗೆ ಕೋಳಿ ಮೊಟ್ಟೆಯಿಟ್ಟಿತು,
ಅದೇ ಕೈಗಳು ಇನ್ನೊಂದು ಗುಂಡಿ ಒತ್ತಿದವು.

ಆದರೆ ಇಲ್ಲಿ ನೋಡು, ಅಂದ.
ಪ್ರತಿ ಸಲವೂ, ಪಟ್ಟಿಯ ಕಟ್ಟಕಡೆಯ ಹೆಸರಿಗೆ,
ಏಣಿಯಿರಲಿ, ಛತ್ರಿಯಿರಲಿ, ಹೊಲಿಗೆ ಮಷಿನ್ನಿರಲಿ,
ಒಂದು.
ಒಂದೇ ಒಂದು.
ಪಿಯೆದಾದ್ ಟೀಚರದ್ದು ಎಂದಿತು ಊರು.
ಆಕೆ ತೀರಿಕೊಂಡಳು; ಮುಂದಿನ ಸಲವೂ ಒಂದು.
ಹಾಗಾದರೆ ಬೊಂಬಿಯದ್ದು. ಬೊಂಬಿಯೂ ಹೋದಳು.
ಒಂದು ಹೋಗಲಿಲ್ಲ.
ನಕ್ಕ ಇನಾಸ್; ಬಾಯಲ್ಲಿ ಉಳಿದ ಹಲ್ಲೂ ಹಾಗೇ.

ನನ್ನಪ್ಪನ ನೆನಪಾಯಿತು.
ಸವಣೂರಿನಿಂದ ಬಂದು ಅದಿರು ತುಂಬಿದವನು,
ಇಪ್ಪತ್ತೆರಡು ವರ್ಷಕ್ಕೆ ಪಟ್ಟಿ ಹತ್ತಿದ,
ಅನುಮೊಂತೊ ಎಂಬ ಹೆಸರಲ್ಲಿ.
ಹಣಮಂತ ಅಂತ ತಿದ್ದಿರಿ ಎಂದರೆ
ಬೇಕಾದ್ರೆ ಅಳಿಸ್ತೇವೆ ಅಂದರಂತೆ.
ಸಾಯುವ ತನಕ ಅನುಮೊಂತೊ ಆಗಿ ವೋಟು ಹಾಕಿದ,
ಹಣಮಂತನಾಗಿ ಬೈದ.

ಬೆಳಗ್ಗೆ ಏಳಕ್ಕೇ ಸಾಲು.
ಗೇರು ಸುಗ್ಗಿ. ಬೀಜದ ಎಣ್ಣೆಗೆ ಸುಟ್ಟು
ಕಪ್ಪು ತಿರುಗಿದ ಬೆರಳುಗಳು:
ಶಾಯಿ ಎಲ್ಲಿ ಹಚ್ಚಲಿ, ಹಚ್ಚಿದರೆ ಎಲ್ಲಿ ಕಾಣಬೇಕು?
ಇವರು ಒಮ್ಮೆ ಹಾಕಿದ್ದಾರೋ ಹತ್ತು ಸಲವೋ
ಯಾವ ಏಜೆಂಟಿಗೆ ಗೊತ್ತು.
ಶಾಣು ವೇಳಿಪ ಉಗುರನ್ನೇ ಮುಂದೆ ಚಾಚಿದ:
ಇಲ್ಲಿ ಹಚ್ಚು, ಇಲ್ಲಿ ಸ್ವಲ್ಪ ಮನುಷ್ಯನ ಬಣ್ಣ ಉಳಿದಿದೆ.

ಪ್ರತಿ ಬೀಪಿಗೂ ತಲೆಯೆತ್ತಿದೆ, ತಪ್ಪು ಅಂತ ಗೊತ್ತಿದ್ದೂ.
ಸೊಂಟ ಬಗ್ಗಿದ ಈಕೆಯಾ?
ಆಧಾರ್ ಕಾರ್ಡನ್ನು ಕರವಸ್ತ್ರದಲ್ಲಿ ಸುತ್ತಿ ತಂದ ಹುಡುಗನಾ?
ಮುಖ ಏನೂ ಹೇಳಲಿಲ್ಲ.
ರಟ್ಟಿನ ಮರೆಯಿಂದ ಹೊರಬಂದವರೆಲ್ಲ
ದೇವರಿಗೆ ಚಾಡಿ ಹೇಳಿ ಬಂದವರಂತೆ ಇದ್ದರು.

ಆರಕ್ಕೆ ಐದು ನಿಮಿಷ. ಇಸ್ತ್ರಿ ಪ್ಯಾಂಟಿನಲ್ಲಿ ಇನಾಸ್.
ಮರೆಯ ಹಿಂದೆ ತುಸು ಹೆಚ್ಚೇ ಹೊತ್ತು ನಿಂತ.
ಬೀಪು.
ಎಷ್ಟಾಯ್ತು ಬಾಯಿ?
ಇನ್ನೂರ ಅರವತ್ತೆಂಟು.
ಅಂಗೈ ಮೇಲೆ ಬರೆದುಕೊಂಡು ಹೋದ,
ಅರಗು ಒಡೆಯುವ ಹೊತ್ತು ಯಾವಾಗ ಅಂತಲೂ ಕೇಳದೆ.

ಜೀಪು ಇಳಿಯಿತು. ತೊಡೆಯ ಮೇಲೆ ಸೀಲಾದ ಪೆಟ್ಟಿಗೆ,
ದಾರಿಯುದ್ದಕ್ಕೂ ಕೊಳೆತ ಗೇರುಹಣ್ಣಿನ ವಾಸನೆ.
ನನ್ನ ವೋಟು ಹೋದ ವಾರವೇ ಟಪಾಲಿನಲ್ಲಿ ಹೋಗಿತ್ತು,
ಯಾವ ಊರಿನ ಪುಸ್ತಕಕ್ಕೂ ಏರದ ಹಾಗೆ.
ಸೋಪು ತಿಕ್ಕಿದೆ, ನಿಂಬೆ ತಿಕ್ಕಿದೆ, ಹೋಗಲಿಲ್ಲ.
ಕೆಳಮನೆಯ ಪೋರ ನನ್ನ ಎರಡೂ ಕೈ ಹಿಡಿದು
ಎಣಿಸಿ ಎಣಿಸಿ ಕೇಳಿತು:
ಟೀಚರ್, ನೀವು ಎಷ್ಟು ಸಲ ಒತ್ತಿದ್ರಿ?